ಮದುವೆಯ ಮುಯ್ಯಿ
(ಓದತಕ್ಕ ವೇದಭಾಗ: ಲೂಕ ೧೪:೧೨–೧೪)

ಮದುವೆಯ ಮನೆಯಲ್ಲಿ ನೆಂಟರಿಷ್ಟರು ಕೊಡುವ ಹಣ, ಬಟ್ಟೆ, ಪಾತ್ರೆಗಳಿಗೆ ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂದು ಹೆಸರುಂಟು. ಒಬ್ಬನು ಚಪ್ಪರದ ಕೆಳಗೆ ಕೂತು, ಯಾರು ಎಷ್ಟು ಕೊಟ್ಟರೆಂಬದನ್ನು ಪುಸ್ತಕದಲ್ಲಿ ಬರೆದುಕೊಳ್ಳುವನು. ಅವರ ಮನೆಯಲ್ಲಿ ಮದುವೆ ನಡೆಯುವಾಗ ಅಷ್ಟನ್ನಾದರೂ ತಿರಿಗಿ ಕೊಡತಕ್ಕದ್ದು. ಕಡಿಮೆಯಾದರೆ ನೆಂಟಸ್ತಿಕೆಗೆ ಕುಂದು.

ಇಂಥ ಪದ್ಧತಿಯು ನಮ್ಮಲ್ಲಿ ಮಾತ್ರವೇ ಇರುವದಲ್ಲ. ನ್ಯೂ ಗಿನಿಯ ಪೂರ್ವದಲ್ಲಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ೧೯೧೫ರಿಂದ ೧೯೧೮ರೊಳಗೆ ಎರಡು ಸಾರಿ ವಾಸಮಾಡಿದ ಮಲಿನೋವ್ಸ್ಕಿ ಎಂಬ ಪಂಡಿತರು, ಆ ಜನರ ಕುಲಾ ಎಂಬ ಕೊಡುಕೊಳ್ಳುವಿಕೆಯನ್ನು ೧೯೨೨ರಲ್ಲಿ ವಿವರಿಸಿದರು. ಕೆಂಪು ಚಿಪ್ಪಿನ ಸರಗಳು ದ್ವೀಪದಿಂದ ದ್ವೀಪಕ್ಕೆ ಬಲಸುತ್ತಾಗಿಯೂ ಬಿಳೀ ಚಿಪ್ಪಿನ ತೋಳುಬಳೆಗಳು ಎಡಸುತ್ತಾಗಿಯೂ ಸಂಚರಿಸುವವು. ಪಡೆದವನು ಅವುಗಳನ್ನು ಬಹುಕಾಲ ಇಟ್ಟುಕೊಳ್ಳದೆ ಮುಂದಕ್ಕೆ ಕೊಡಬೇಕು. ಅನೇಕ ಜನಾಂಗಗಳ ಇಂಥ ಪದ್ಧತಿಗಳನ್ನು ಹೋಲಿಸಿದ ಫ್ರಾನ್ಸ್ ದೇಶದ ಮಾರ್ಸೆಲ್ ಮೋಸ್ ಎಂಬವರು, ಕೊಡುವದು, ತೆಗೆದುಕೊಳ್ಳುವದು, ತಿರಿಗಿ ಕೊಡುವದು ಈ ಮೂರೂ ಮೀರಕೂಡದ ಕಟ್ಟುಪಾಡುಗಳೆಂದು ೧೯೨೫ರಲ್ಲಿ ತೋರಿಸಿದರು. ಕೊಡುಗೆಯು ಸ್ವೇಚ್ಛೆಯಿಂದ ಬಂದದ್ದಾಗಿ ಕಂಡರೂ ಒಳಗೆ ಸಾಲವಾಗಿರುವದು.

ಹಾಗಾದರೆ ಮುಯ್ಯಿ ಕೆಟ್ಟದ್ದೋ? ಹಾಗೆ ಹೇಳಲಾರೆವು. ಕೈಯಲ್ಲಿ ಕಾಸಿಲ್ಲದ ತಂದೆಯು ಬಡ್ಡಿಯವನ ಬಾಗಿಲಿಗೆ ಹೋಗದೆ ಮಗಳ ಮದುವೆಯನ್ನು ನಡಿಸುವದು ಇದರ ಸಹಾಯದಿಂದಲೇ. ಸೋದರಮಾವನೂ ಅತ್ತೆಯೂ ಬೀಗರೂ ಇದರಿಂದ ಒಂದಾಗಿ ಕಟ್ಟಲ್ಪಡುತ್ತಾರೆ.

ಆದರೂ ಒಂದನ್ನು ಗಮನಿಸೋಣ. ಹಗೆ ತೀರಿಸುವದಕ್ಕೂ ನಮ್ಮ ಭಾಷೆಯಲ್ಲಿ ಮುಯ್ಯಿ ತೀರಿಸುವದು ಎಂದೇ ಹೇಳುತ್ತೇವೆ. ಬಂದದ್ದನ್ನು ಅಳೆದು ಅಷ್ಟನ್ನೇ ಹಿಂದಕ್ಕೆ ಕೊಡುವದು ಎರಡಕ್ಕೂ ಬೇರು. ಈ ಅಳತೆಗೆ ನಿಲ್ಲಲಾರದವರು ಯಾರು? ಕೊಡಲಿಕ್ಕೆ ಏನೂ ಇಲ್ಲದ ವಿಧವೆಯು ನಾಚಿಕೊಂಡು ಮದುವೆಗೆ ಬಾರದೆ ಉಳಿಯುತ್ತಾಳೆ. ಕೂಲಿಯವನು ಹಳೇ ಮುಯ್ಯಿಯನ್ನು ತೀರಿಸಲು ಹೊಸ ಸಾಲ ಮಾಡುತ್ತಾನೆ.

ಫರಿಸಾಯನ ಮನೆಯಲ್ಲಿ ಊಟಕ್ಕೆ ಕೂತಿದ್ದ ಕರ್ತನು, ತಿರಿಗಿ ಕರೆಯಬಲ್ಲ ನೆಂಟರನ್ನೂ ಐಶ್ವರ್ಯವಂತರನ್ನೂ ಬಿಟ್ಟು, ಬಡವರನ್ನೂ ಊನವಾದವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಬೇಕೆಂದು ಮನೆಯ ಯಜಮಾನನಿಗೆ ಕಲಿಸಿದನು. ಇವರಿಗೆ ತೀರಿಸುವ ಶಕ್ತಿಯಿಲ್ಲ, ಆದಕಾರಣ ಫಲವು ನೀತಿವಂತರ ಪುನರುತ್ಥಾನದಲ್ಲಿ ದೊರೆಯುವದು. ನಾವು ಪಡೆದ ರಕ್ಷಣೆಯಾದರೋ ಯಾರಿಂದಲೂ ತೀರಿಸಲಾಗದ ಕೊಡುಗೆಯಲ್ಲವೋ?

ಆದದರಿಂದ ಮುಯ್ಯಿಯ ಪುಸ್ತಕವನ್ನು ಇಡುವವರು ಇಡಲಿ. ಆದರೆ ಅದರಲ್ಲಿ ಹೆಸರಿಲ್ಲದವರ ಮನೆಗೆ ಮೊದಲು ಹೋಗಿ ಕರೆಯಿರಿ, ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿರಿ. ಕೊಟ್ಟದ್ದನ್ನು ಎತ್ತಿ ಆಡಬೇಡಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
೧. ನಮ್ಮ ಊರಿನಲ್ಲಿ ಮುಯ್ಯಿಯ ಭಯದಿಂದ ಮದುವೆಗೆ ಬಾರದೆ ಉಳಿಯುವವರು ಯಾರು?
೨. ಅವರ ಭಾರವನ್ನು ಸಭೆಯು ಹೊರುವದು ಹೇಗೆ?