ಪುಟ್ಟ ಜೆಟ್ ಎಂಜಿನ್: ಹೊತ್ತಿಕೊಳ್ಳದಿದ್ದರೆ ಮತ್ತೆ ಸ್ವಿಚ್ ಒತ್ತಬೇಡಿ

ರಿಮೋಟ್ ಜೆಟ್ ವಿಮಾನದ ಬಾಲದಿಂದ ಮೊಳದುದ್ದ ಬೆಂಕಿ ಬರುವ ವಿಡಿಯೊ ನೋಡಿ ಕೆಲವರು ಅದೇ ಅದರ ಗತ್ತು ಅಂದುಕೊಳ್ಳುತ್ತಾರೆ. ಅದು ಗತ್ತಲ್ಲ, ಎಡವಟ್ಟು. ಸರಿಯಾಗಿ ಚಾಲೂ ಆದ ಟರ್ಬೈನ್ ಎಂಜಿನ್ನಿನ ಜ್ವಾಲೆ ಒಳಗೇ ಇರುತ್ತದೆ.

ಜರ್ಮನಿಯ ಕರ್ಟ್ ಶ್ರೆಕ್ಲಿಂಗ್ ತೊಂಬತ್ತರ ದಶಕದ ಆರಂಭದಲ್ಲಿ ಹವ್ಯಾಸಿಗಳೂ ಮಾಡಬಹುದಾದ ಜೆಟ್ ಎಂಜಿನ್ ರೂಪಿಸಿದರು. ಅದರ ಕಂಪ್ರೆಸರ್ ಚಕ್ರ ಪ್ಲೈವುಡ್ಡಿನದು! ಈಗಿನವು ಲೋಹದವು, ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಪಂಪು, ಇಂಧನ ಹೊತ್ತಿಸುವ ಗ್ಲೋ ಪ್ಲಗ್, ಸ್ಟಾರ್ಟರ್‌ಗಳನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಡೆಸುತ್ತದೆ. ವಿದ್ಯುತ್ ಫ್ಯಾನಿನ ಫೋಮ್ ಜೆಟ್ಟನ್ನು ನೆಟ್ಟಗೆ ಇಳಿಸಲು ಬಾರದವರು ಟರ್ಬೈನಿಗೆ ದುಡ್ಡು ಸುರಿಯಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಹಾರಿಸುವ ಜಾಗ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ಎಂದು ಸರ್ಕಾರದ 'ಡಿಜಿಟಲ್ ಸ್ಕೈ' ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ.

ಇಂಧನ ಸೀಮೆಎಣ್ಣೆ. ಸಾಮಾನ್ಯವಾಗಿ 20 ಲೀಟರಿಗೆ 1 ಲೀಟರ್ ಟರ್ಬೈನ್ ಆಯಿಲ್ ಬೆರೆಸುತ್ತಾರೆ. ನಿಮ್ಮ ಎಂಜಿನ್ನಿನ ಕೈಪಿಡಿ ಹೇಳಿದ್ದೇ ಅಂತಿಮ. ಬೇರಿಂಗುಗಳಿಗೆ ಬೇರೆ ಎಣ್ಣೆ ಇಲ್ಲ, ಈ ಮಿಶ್ರಣವೇ ಗತಿ. ಸೋಸಿಯೇ ತುಂಬಿಸಿ. ರೇಷನ್ನಿನ ನೀಲಿ ಸೀಮೆಎಣ್ಣೆಗೆ ಕೈಹಾಕಬೇಡಿ, ಅದು ಬಡವರ ಒಲೆ-ದೀಪಕ್ಕೆ ಬಂದದ್ದು.

ಚಾಲೂ ಮಾಡುವಾಗ ವಿಮಾನದ ಮೂತಿ ಗಾಳಿಗೆ ಎದುರಾಗಿರಲಿ. ಬಾಲದ ಹಿಂದೆಯೂ ಟರ್ಬೈನ್ ಚಕ್ರದ ನೇರಕ್ಕೆ ಪಕ್ಕದಲ್ಲೂ ಯಾರೂ ನಿಲ್ಲಬಾರದು. ಬೆಂಕಿ ಆರಿಸಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೈಯಳತೆಯಲ್ಲಿರಲಿ. ಪುಡಿ ಎರಚುವ ಸಿಲಿಂಡರ್ ಬಳಸಿದರೆ ಬೆಂಕಿಯ ಜೊತೆ ಎಂಜಿನ್ನಿನ ಕಥೆಯೂ ಮುಗಿಯುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಇಂಧನದ ಕೊಳವೆಯಲ್ಲಿ ಗಾಳಿಗುಳ್ಳೆಗಳಿದ್ದರೆ ಎಂಜಿನ್ ಆಕಾಶದಲ್ಲೇ ಆರಬಹುದು, ಹಾಗಾಗಿ ಮೊದಲು ಪಂಪು ಓಡಿಸಿ ಗಾಳಿ ತೆಗೆಯಬೇಕು. ಆದರೆ ಕೊಳವೆಯನ್ನು ಎಂಜಿನ್ನಿಗೆ ಸಿಕ್ಕಿಸಿಯೇ ಪಂಪು ಓಡಿಸುವವರಿದ್ದಾರೆ. ಎಣ್ಣೆಯೆಲ್ಲ ಒಳಗೆ ಹೋಗಿ ತಳದಲ್ಲಿ ನಿಲ್ಲುತ್ತದೆ. ಎಂಜಿನ್ ಕಡೆಯ ತುದಿ ಬಿಚ್ಚಿ ಸಣ್ಣ ಬಾಟಲಿಗೆ ಇಳಿಬಿಡಿ. ಗುಳ್ಳೆ ನಿಂತು ಬರೀ ಎಣ್ಣೆ ಬಂದ ಮೇಲೆ ಮತ್ತೆ ಸಿಕ್ಕಿಸಿ.

ಈಗ ಸ್ಟಾರ್ಟ್ ಕೊಡಿ. ಚಕ್ರ ತಿರುಗಿ, ಪ್ಲಗ್ ಕಾದು, ಉಷ್ಣಾಂಶ ಏರಬೇಕು. ಏರಲಿಲ್ಲವೇ? ಕೂಡಲೇ ನಿಲ್ಲಿಸಿ. ಮತ್ತೆ ಸ್ವಿಚ್ ಒತ್ತಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಮೊದಲ ಸಲ ಉರಿಯದೆ ಉಳಿದ ಎಣ್ಣೆ ಒಳಗೇ ಇರುತ್ತದೆ. ಎರಡನೇ ಸಲ ಅದಷ್ಟೂ ಒಟ್ಟಿಗೆ ಹೊತ್ತಿಕೊಂಡರೆ ಬಾಲದಿಂದ ಜ್ವಾಲೆ, ವಿಮಾನದ ಒಳಮೈಗೆ ಬೆಂಕಿ. ಇಂಧನದ ವಾಲ್ವ್ ಮುಚ್ಚಿ, ಮೂತಿ ಮೇಲೆತ್ತಿ ಬಾಲ ಕೆಳಗೆ ಮಾಡಿ. ಎಕ್ಸಾಸ್ಟ್ ಕೊಳವೆಯಿಂದ ಎಣ್ಣೆ ತೊಟ್ಟಿಕ್ಕುವುದು ನಿಲ್ಲಲಿ, ಒರೆಸಿ. ಆಮೇಲೆ ಇಂಧನವಿಲ್ಲದೆ ಬರೀ ಸ್ಟಾರ್ಟರ್ ತಿರುಗಿಸಿ ಉಳಿದದ್ದನ್ನು ಊದಿಸಿ. ಕಾರಣ ಸಾಮಾನ್ಯವಾಗಿ ಸೊರಗಿದ ಬ್ಯಾಟರಿ ಅಥವಾ ಸೋತ ಗ್ಲೋ ಪ್ಲಗ್. ಪ್ಲಗ್ ಹೊರತೆಗೆದು ನೋಡಿ: ತಂತಿಸುರುಳಿ ಕಿತ್ತಳೆ ಬಣ್ಣಕ್ಕೆ ನಿಗಿನಿಗಿ ಕಾಯಬೇಕು, ಮಂಕಾಗಿ ಕೆಂಪಾದರೆ ಬದಲಿಸಿ. ಕಾರಣ ಸಿಗದೆ ಮರುಪ್ರಯತ್ನ ಬೇಡ.

ಹಾರಾಟದ ಬಗ್ಗೆ ಎರಡೇ ಮಾತು. ಥ್ರಾಟಲ್ ಏರಿಸಿದ ಕೂಡಲೇ ಈ ಎಂಜಿನ್ ಓಗೊಡುವುದಿಲ್ಲ, ಪೂರ್ಣ ಬಲಕ್ಕೆ ಕೆಲವು ಸೆಕೆಂಡು ಬೇಕು. ಹಾಗಾಗಿ ಇಳಿಸುವಾಗ ಥ್ರಾಟಲ್ ತೀರಾ ತಗ್ಗಿಸಬೇಡಿ. ನೆಲಕ್ಕೆ ಬಂದು ಎಂಜಿನ್ ಆರಿಸಿದ ಮೇಲೂ ಸ್ಟಾರ್ಟರ್ ಆಗಾಗ ತಿರುಗಿ ಅದನ್ನು ತಣಿಸುತ್ತದೆ. ಉಷ್ಣಾಂಶ 100 ಡಿಗ್ರಿಗಿಂತ ಕೆಳಗಿಳಿದು ಸ್ಟಾರ್ಟರ್ ತಾನಾಗಿ ನಿಂತ ನಂತರವೇ ಬ್ಯಾಟರಿ ಬಿಚ್ಚಿ.