ಪಟ್ಟಿ ಮತ್ತು ಋಣ

ಕಥೆಯನ್ನು ಕಡ ತರುವುದು ದೋಷವಲ್ಲ. 1994ರಲ್ಲಿ ಜಪಾನಿನ ಸ್ಕ್ವೇರ್ ಸಂಸ್ಥೆ ಹೊರತಂದ ‘ಫೈನಲ್ ಫ್ಯಾಂಟಸಿ 6’ ಎಂಬ ವಿಡಿಯೋ ಆಟವೇ ಇದಕ್ಕೆ ನಿದರ್ಶನ. ಅದರಲ್ಲಿನ ಬಿಗ್ಸ್, ವೆಡ್ಜ್ ಎಂಬ ಸೈನಿಕರ ಹೆಸರುಗಳು 1977ರ ‘ಸ್ಟಾರ್ ವಾರ್ಸ್’ ಚಲನಚಿತ್ರದವು. ಅಲ್ಲಿ ಅವರು ಸಾಮ್ರಾಜ್ಯದ ವಿರೋಧಿಗಳು. ಇಲ್ಲಿ ಅದರ ಆಳುಗಳು. ಅವರೊಡನೆ ಬರುವ ಟೆರಾ ಎಂಬ ತರುಣಿ, ತಲೆಗೆ ತೊಡಿಸಿದ ಪಟ್ಟಿಯೊಂದಕ್ಕೆ ವಶಳಾಗಿ, ಸಾಮ್ರಾಜ್ಯಕ್ಕಾಗಿ ಕಾದುತ್ತಾಳೆ. ಪಟ್ಟಿ ಕಳಚಿದ ಮೇಲೆ ತನ್ನ ಪಕ್ಷವನ್ನು ತಾನೇ ಆರಿಸಿಕೊಳ್ಳಬೇಕು.

ಮಧುಗಿರಿ ಸೀಮೆಯ ಮೂಡಲಪಾಯದಲ್ಲಿ ವೇಷ ಕಟ್ಟುವ ನನ್ನ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಈ ಆಟವನ್ನು ನೋಡುತ್ತ ಕುಳಿತು, “ಇವಳೂ ಕರ್ಣನೇ ಕಣಪ್ಪ” ಎಂದರು. ಮೂರು ವರ್ಷ ಸಾಹಿತ್ಯ ಓದಿದ ನನಗೆ ಅದು ಹೊಳೆದಿರಲಿಲ್ಲ. ಆದರೆ ಒಂದು ವ್ಯತ್ಯಾಸವುಂಟು: ಟೆರಾಳನ್ನು ಕಟ್ಟಿದ್ದು ಪಟ್ಟಿ, ಕರ್ಣನನ್ನು ಕಟ್ಟಿದ್ದು ಋಣ. ಪಟ್ಟಿಯನ್ನು ಇನ್ನೊಬ್ಬರು ಕಳಚಬಹುದು, ಋಣವನ್ನು ಕಳಚುವವರಾರು?