ಗುಬ್ಬಿ ಸೀಮೆಯಲ್ಲಿ ವಂಶವೃಕ್ಷದ ಶೋಧ

ಗುಬ್ಬಿ ತಾಲ್ಲೂಕಿನ ಒಕ್ಕಲು ಮನೆತನವೊಂದರ ಏಳು ತಲೆಮಾರುಗಳನ್ನು ಗುರುತಿಸಬಹುದೇ ಎಂಬ ಪ್ರಶ್ನೆಗೆ, ನಾಲ್ಕೈದು ತಲೆಮಾರಿನವರೆಗೆ ಕಾಗದದ ಆಧಾರ ದೊರೆಯುವ ಸಂಭವವಿದೆ, ಅದರಾಚೆಗಿನದು ಬಹುಮಟ್ಟಿಗೆ ಬಾಯಿಮಾತು ಎಂದೇ ಉತ್ತರಿಸಬೇಕಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದುದೇ 1863ರಲ್ಲಿ. ಅದಕ್ಕೂ ಹಿಂದಕ್ಕೆ ಸರ್ವೆ ನಂಬರಿನ ಜಾಡು ಹೋಗದು.

ಶೋಧವನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೊಡಗುವುದು ಲೇಸು. ಇಂದಿನ ಪಹಣಿಯ ಸರ್ವೆ ನಂಬರನ್ನು ಹಿಡಿದು, ಖಾತೆ ಬದಲಾವಣೆಯನ್ನು ದಾಖಲಿಸುವ ಮ್ಯುಟೇಷನ್ ರಿಜಿಸ್ಟರಿನಲ್ಲಿ ಹಿಂದಕ್ಕೆ ಸಾಗಿದರೆ, ‘ಪೌತಿ’ ಎಂದಿರುವ ಕಡೆಗಳಲ್ಲಿ, ಅಂದರೆ ಖಾತೆದಾರರು ತೀರಿಕೊಂಡು ವಾರಸುದಾರರ ಹೆಸರು ಏರಿದ ಕಡೆಗಳಲ್ಲಿ, ತಲೆಮಾರಿನ ಕೊಂಡಿ ಕಾಣುತ್ತದೆ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಖಾತೆಯಲ್ಲಿ ಇಬ್ಬರು ಸಿದ್ದಪ್ಪಂದಿರು ಬರಬಹುದಾದ್ದರಿಂದ, ‘ಸಿದ್ದಪ್ಪ ಬಿನ್ ನಂಜಪ್ಪ’ ಎಂಬಲ್ಲಿನ ‘ಬಿನ್’, ಅಂದರೆ ‘ಇಂಥವರ ಮಗ’ ಎಂಬ ಸೂಚನೆಯನ್ನು ಬಿಡದೆ ಬರೆದುಕೊಳ್ಳಬೇಕು. ಸ್ತ್ರೀಯರ ಹೆಸರಿನ ಮುಂದಿನ ‘ಕೋಂ’ ಗಂಡನನ್ನಷ್ಟೇ ಹೇಳುತ್ತದೆ. ತವರಿನ ವಂಶವನ್ನು ಅಳಿಸಿಹಾಕಿದ ಈ ಕ್ರಮ ಶೋಧಕರಿಗೆ ದೊಡ್ಡ ನಷ್ಟವೇ ಸರಿ.

ಮನೆತನಗಳ ವಂಶಾವಳಿಯನ್ನು ಹಾಡಿ ಹೇಳುವ ಹೆಳವರ ನೆನಪು ಅಮೂಲ್ಯವಾದರೂ, ದಾಖಲೆಯೊಡನೆ ತಾಳೆಯಾಗುವ ಭಾಗವನ್ನು ಮಾತ್ರ ಖಚಿತವೆಂದು ಎಣಿಸುವುದು ಉಚಿತ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ ಜಿಲ್ಲೆಯ ಶಾಸನಗಳಿದ್ದರೂ, ಅಲ್ಲಿನ ಗೌಡನೊಬ್ಬನನ್ನು ಹೆಸರಿನ ಸಾಮ್ಯದಿಂದಲೇ ಪೂರ್ವಜನೆನ್ನುವುದು ಸಲ್ಲದು. ಹಳೆಯ ಹಾಳೆಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿ ತಲುಪುವ ಮೊದಲೇ ದೃಢೀಕೃತ ನಕಲಿಗೆ ಅರ್ಜಿ ಸಲ್ಲಿಸುವುದು ಒಳಿತು.